ಕಕ್ಕಬ್ಬೆಯಲ್ಲಿ ಎರಡು ದಿನ ಪೋಕರ್ ಕಲಿತು ಬಂದೆ: ಎರಡು ರಾಜ ಇದ್ದೂ ಎಲೆ ಬಿಟ್ಟಿದ್ದು ಸರಿಯಾ?

ಲೆಕ್ಕದ ಟೀಚರ್, ವಿರಾಜಪೇಟೆ

ಕಳೆದ ಶನಿವಾರ, ಭಾನುವಾರ ಕಕ್ಕಬ್ಬೆ ಹತ್ತಿರದ ಒಂದು ಹೋಮ್‌ಸ್ಟೇಯಲ್ಲಿ ಪೋಕರ್ ತರಬೇತಿ ಇತ್ತು. ಹೋಗಿ ಬಂದೆ. ಹೇಗಿತ್ತು ಅಂತ ಇಲ್ಲಿ ಮೂರು ನಾಲ್ಕು ಜನ ಕೇಳಿದ್ದಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಕಟ್ಟುವ ಆಟ ಅಲ್ಲ. ಪಾಠ, ಊಟ, ಉಳಿದುಕೊಳ್ಳೋದು ಎಲ್ಲ ಸೇರಿ ಒಂದು ಫೀಸು. ಭಾನುವಾರದ ಟೂರ್ನಮೆಂಟಿಗೆ ಎಲ್ಲರಿಗೂ ಸಮನಾಗಿ ಚಿಪ್ಸ್ (ದುಡ್ಡಿನ ಬದಲು ಇಟ್ಟು ಆಡುವ ಬಿಲ್ಲೆ) ಕೊಟ್ಟರು. ಗೆದ್ದವರಿಗೆ ಒಂದು ಶೀಲ್ಡು, ಐದು ಕೆಜಿ ಕಾಫಿಪುಡಿ. ದುಡ್ಡು ಇದ್ದಿದ್ದರೆ ನಾನು ಹೋಗುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಸಂಭವನೀಯತೆ ಪಾಠ ಬಂದಾಗಲೆಲ್ಲ 52 ಎಲೆಯ ಉದಾಹರಣೆ ಕೊಡುತ್ತೇನೆ. ಬೋರ್ಡಿನ ಮೇಲೆ ಅದು ಬರೀ ಭಿನ್ನರಾಶಿ. ನಿಜವಾಗಿ ಎಲೆ ಕೈಯಲ್ಲಿ ಹಿಡಿದು, ಎದುರಿಗೆ ಒಬ್ಬರು ಕೂತಿದ್ದಾಗ ಆ ಲೆಕ್ಕ ಮಾಡೋಕೆ ಆಗುತ್ತಾ ಅಂತ ನೋಡಬೇಕಿತ್ತು.

ಒಟ್ಟು 27 ಜನ ಇದ್ದೆವು. ಅರ್ಧಕ್ಕರ್ಧ ತೋಟದವರು. ಹೆಂಗಸರು ಆರು ಜನ. ಕಲಿಸೋಕೆ ಬೆಂಗಳೂರಿನಿಂದ ಒಬ್ಬರು ಸರ್ ಬಂದಿದ್ದರು. ಶನಿವಾರ ಬೆಳಿಗ್ಗೆ ನೂಪುಟ್ಟು, ಜೇನು ತಿಂದು ಜಗಲಿಯಲ್ಲಿ ಕೂತೆವು.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಕೊಡುತ್ತಾರೆ. ಮಧ್ಯದಲ್ಲಿ ಎಲ್ಲರಿಗೂ ಕಾಣುವ ಹಾಗೆ ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು ಎಲೆ ಬಿಚ್ಚುತ್ತಾರೆ. ಇವೇ ಫ್ಲಾಪ್, ಟರ್ನ್, ರಿವರ್. ಏಳರಲ್ಲಿ ಒಳ್ಳೆಯ ಐದು ನಿಮ್ಮ ಕೈ. ನಡುನಡುವೆ ನಾಲ್ಕು ಸಲ ಚಿಪ್ಸ್ ಹಾಕುವ ಸರದಿ. ಎದುರಿನವರು ಹಾಕಿದಷ್ಟೇ ಹಾಕಿದರೆ ಕಾಲ್, ಏನೂ ಹಾಕದೆ ಸರದಿ ದಾಟಿಸಿದರೆ ಚೆಕ್. ಎಲೆ ಬಿಟ್ಟರೆ ಅಲ್ಲಿವರೆಗೆ ಹಾಕಿದ್ದು ಹೋಯಿತು.

ಸರ್ ಮೊದಲು ತಿದ್ದಿದ್ದು ನಾವು ಎಲೆ ನೋಡುವ ರೀತಿಯನ್ನು. ರಮ್ಮಿ ಆಡಿ ಅಭ್ಯಾಸ ಆದವರು ಎಲೆಯನ್ನ ಎದೆಯ ಹತ್ತಿರ ಎತ್ತಿ ಹಿಡಿಯುತ್ತೇವೆ ಅಲ್ವಾ? ಇಲ್ಲಿ ಹಾಗಿಲ್ಲ. ಎಲೆ ಮೇಜಿನ ಮೇಲೇ ಇರಬೇಕು. ಎಡಗೈ ಅಡ್ಡ ಇಟ್ಟು, ಹೆಬ್ಬೆರಳಿನಿಂದ ಒಂದು ಮೂಲೆ ಮಾತ್ರ ಎತ್ತಿ, ಒಂದೇ ಸಲ ನೋಡಿ ಬಿಡಬೇಕು. ಮತ್ತೆ ಮತ್ತೆ ನೋಡಿದರೆ ಎದುರಿನವರಿಗೆ ಸುದ್ದಿ ಕೊಟ್ಟ ಹಾಗೆ. ಮಧ್ಯದಲ್ಲಿ ಮೂರು ಡೈಮನ್ ಬಿದ್ದಾಗ ಯಾರು ತಮ್ಮ ಎಲೆಯನ್ನ ಇನ್ನೊಂದು ಸಲ ಎತ್ತಿ ನೋಡುತ್ತಾರೋ ಅವರ ಹತ್ತಿರ ಎರಡು ಡೈಮನ್ ಇರೋದು ಕಡಿಮೆ, ಇದ್ದಿದ್ದರೆ ನೆನಪಿರುತ್ತಿತ್ತು ಅಂದರು. ಅರ್ಧ ಗಂಟೆ ಬರೀ ಮೂಲೆ ಎತ್ತೋದೇ ಅಭ್ಯಾಸ.

ಆಮೇಲೆ ಲೆಕ್ಕ. ಎರಡು ಎಲೆ 1,326 ರೀತಿಯಲ್ಲಿ ಬರಬಹುದು. ಯಾವುದಾದರೂ ಒಂದು ಜೋಡಿ ಸಿಗೋದು 17ಕ್ಕೆ ಒಂದು ಸಲ. ಎರಡು ಎಕ್ಕ ಸಿಗೋದು 221ಕ್ಕೆ ಒಂದು ಸಲ. ಹಾಗಾಗಿ ಬಂದ ಕೈಯಲ್ಲಿ ಜಾಸ್ತಿ ಪಾಲು ಸುಮ್ನೆ ಬಿಡಬೇಕಾದ್ದೇ. ಇದನ್ನ ಕೇಳಿ ನಮ್ಮ ಮೇಜಿನ ಒಬ್ಬರಿಗೆ ಬೇಜಾರಾಯಿತು. ಆಡೋಕೆ ಬಂದಿದ್ದೇವೆ, ಬಿಡೋಕಲ್ಲ ಅಂದರು. ನನಗೆ ಮಾತ್ರ ಅಲ್ಲಿಂದಲೇ ಆಟದ ರುಚಿ ಹತ್ತಿತು.

ಇನ್ನೊಂದು ಮನಸ್ಸಿಗೆ ಹಿಡಿಸಿದ ಲೆಕ್ಕ. ಮಧ್ಯದಲ್ಲಿ 1,000 ಇದೆ. ಎದುರಿನವರು 500 ಹಾಕಿದರು. ನಾನೂ 500 ಹಾಕಿದರೆ ಒಟ್ಟು 2,000. ಅಂದರೆ ನಾಲ್ಕಕ್ಕೆ ಒಂದು ಸಲ ಗೆದ್ದರೂ ಹಾಕಿದ್ದು ವಾಪಸ್ ಬರುತ್ತೆ. ಹಾಗಾದರೆ ಕೇಳಬೇಕಾದ ಪ್ರಶ್ನೆ "ನಾನು ಗೆಲ್ಲುತ್ತೀನಾ" ಅಂತಲ್ಲ, "ನಾಲ್ಕಕ್ಕೆ ಒಂದು ಸಲ ಗೆಲ್ಲುತ್ತೀನಾ" ಅಂತ. ಇಪ್ಪತ್ತು ವರ್ಷ ಪಾಠ ಮಾಡಿದ ಭಿನ್ನರಾಶಿ ಅವತ್ತು ನನ್ನ ಕೈಗೆ ಸಿಕ್ಕಿತು.

ಭಾನುವಾರ ಟೂರ್ನಮೆಂಟ್. ಒಂಬತ್ತು ಜನರ ಮೂರು ಮೇಜು. ತಲೆಗೆ 10,000 ಚಿಪ್ಸ್. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್, ದೊಡ್ಡದು ಬಿಗ್ ಬ್ಲೈಂಡ್) 50-100ರಿಂದ ಶುರು, 20 ನಿಮಿಷಕ್ಕೊಮ್ಮೆ ಏರುತ್ತೆ. ಈಗ ನನ್ನ ಪ್ರಶ್ನೆ ಇರುವ ಆಟಕ್ಕೆ ಬರುತ್ತೇನೆ.

ಬ್ಲೈಂಡ್ 200-400. ನನ್ನ ಹತ್ತಿರ 11,000. ಮೂಲೆ ಎತ್ತಿದೆ, ಇಸ್ಪೀಟ್ ರಾಜ, ಆಟೀನ್ ರಾಜ. 1,000ಕ್ಕೆ ಏರಿಸಿದೆ. ಬಟನ್‌ನಲ್ಲಿ (ಕೊನೆಯ ಸರದಿಯ ಜಾಗ) ಕೂತಿದ್ದ ತೋಟದವರೊಬ್ಬರು ಕಾಲ್ ಮಾಡಿದರು. ಉಳಿದವರು ಬಿಟ್ಟರು. ಬ್ಲೈಂಡಿನ 600 ಸೇರಿ ಮಧ್ಯದಲ್ಲಿ 2,600. ಫ್ಲಾಪ್: ಡೈಮನ್ ಎಕ್ಕ, ಡೈಮನ್ 8, ಕಳಾವರ್ 3. ಎಕ್ಕ ನೋಡಿ ಎದೆ ಧಸಕ್ ಅಂತು, ಅವರ ಕೈಯಲ್ಲಿ ಒಂದು ಎಕ್ಕ ಇದ್ದರೂ ಅವರ ಜೋಡಿ ನನ್ನ ರಾಜಕ್ಕಿಂತ ದೊಡ್ಡದು. ಆದರೂ 1,300 ಹಾಕಿದೆ. ಅವರು ಕಾಲ್. ಟರ್ನ್‌ನಲ್ಲಿ ಕಳಾವರ್ 8. ನಾನು ಚೆಕ್. ಅವರು ಸ್ವಲ್ಪವೂ ತಡ ಮಾಡದೆ 3,000 ಇಟ್ಟರು. ಮೂರು ಚಿಪ್ಸನ್ನ ಒಂದರ ಮೇಲೊಂದು ಜೋಡಿಸಿ, ಎರಡು ಬೆರಳಿನಿಂದ ಮೆಲ್ಲಗೆ ಮುಂದೆ ತಳ್ಳಿದರು. ಕೈ ನಡುಗಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

ನಾನು ತುಂಬಾ ಹೊತ್ತು ಯೋಚಿಸಿದೆ. ಎಲೆ ಬಿಟ್ಟೆ.

ಅವತ್ತಿನಿಂದ ಇದೇ ತಲೆಯಲ್ಲಿದೆ. ಆಡಿ ಬಲ್ಲವರು ಹೇಳಿ, ಬಿಟ್ಟಿದ್ದು ಸರಿಯಾ?

ಹಾರಂಗಿ ಹುಡುಗ

ಟೀಚರ್, ಎರಡು ರಾಜ ಬಂದಾಗ ಬಿಡೋಕೆ ಮನಸ್ಸು ಹೇಗೆ ಬಂತು? ನಾನು ಫೋನಿನಲ್ಲಿ ಸುಮ್ನೆ ಚಿಪ್ಸ್ ಆಟ ಆಡುತ್ತಿದ್ದೆ. ಅದರಲ್ಲಿ ಯಾರೂ ಯಾವುದನ್ನೂ ಬಿಡೋದಿಲ್ಲ. ಕಳೆದರೆ ಇನ್ನೊಂದಿಷ್ಟು ಚಿಪ್ಸ್ ಅವರೇ ಕೊಡುತ್ತಾರೆ. ಹಾಗಾಗಿ ಬಿಡೋದು ನನಗೆ ಬರೋದೇ ಇಲ್ಲ. ಇಂಥ ತರಬೇತಿಗೆ ಮೊದಲೇ ಎಷ್ಟು ಗೊತ್ತಿರಬೇಕು?

ಕೆಎ 12

ನಾನೂ ಅಲ್ಲಿದ್ದೆ, ಎರಡನೇ ಮೇಜಿನಲ್ಲಿ. ಹುಡುಗನಿಗೆ ಉತ್ತರ: ಯಾವ ಕೈ ಯಾವುದಕ್ಕಿಂತ ದೊಡ್ಡದು ಅಂತ ಬಾಯಿಪಾಠ ಇದ್ದರೆ ಸಾಕು. ಫ್ಲಶ್ (ಐದೂ ಒಂದೇ ಜಾತಿಯ ಎಲೆ) ದೊಡ್ಡದೋ ಸ್ಟ್ರೇಟ್ (ಐದೂ ಸಾಲಾಗಿ ಬರೋದು) ದೊಡ್ಡದೋ ಅಂತ ಅಲ್ಲಿ ಕೂತು ಯೋಚಿಸಿದರೆ ಪಾಠ ಮುಂದೆ ಹೋಗಿರುತ್ತೆ. ಫ್ಲಶ್ ದೊಡ್ಡದು.

ನನ್ನ ಒಂದು ದೂರು ಇದೆ. ಶನಿವಾರ ಊಟ ಆದ ಮೇಲೆ ಪಾಠ ತುಂಬಾ ಜೋರಾಗಿ ಓಡಿತು. ಕಡಂಬುಟ್ಟು, ಪಂದಿಕರಿ ತಿಂದು ಕೂತವರಿಗೆ ಟೂರ್ನಮೆಂಟಿನ ಕೊನೆಯ ಹಂತದ ಲೆಕ್ಕವನ್ನ ಒಂದೇ ಗಂಟೆಯಲ್ಲಿ ಹೇಳಿದರು. ಚಿಪ್ಸ್ ಹತ್ತು ಬಿಗ್ ಬ್ಲೈಂಡಿಗೆ ಇಳಿದಾಗ ಒಂದೋ ಎಲ್ಲ ಹಾಕು, ಇಲ್ಲ ಎಲೆ ಬಿಡು, ನಡುವೆ ಬೇರೆ ದಾರಿ ಇಲ್ಲ ಅನ್ನೋ ವಿಷಯಕ್ಕೇ ಅರ್ಧ ದಿನ ಬೇಕಿತ್ತು. ಭಾನುವಾರ ಜಾಸ್ತಿ ಜನ ಹೊರಗೆ ಹೋಗಿದ್ದು ಅಲ್ಲೇ. ಮೂರು ಬಿಗ್ ಬ್ಲೈಂಡ್ ಉಳಿಯುವವರೆಗೂ ಒಳ್ಳೆಯ ಎಲೆಗೆ ಕಾದರು. ಅಷ್ಟರಲ್ಲಿ ಅವರು ಎಲ್ಲ ಹಾಕಿದರೂ ಯಾರೂ ಹೆದರುತ್ತಿರಲಿಲ್ಲ.

ಟೀಚರ್ ಕೇಳಿದ ಆಟಕ್ಕೆ ನನ್ನ ಮತ: ಅಷ್ಟು ಬೇಗ 3,000 ಇಟ್ಟರೆ ಅದು ಎಕ್ಕವೇ. ಬಿಟ್ಟಿದ್ದು ಸರಿ.

ರೊಬಸ್ಟಾ, ನಾಪೋಕ್ಲು

ಟೀಚರ್, ಆ ಬಟನ್‌ನಲ್ಲಿ ಕೂತಿದ್ದವನು ನಾನೇ. ಇಷ್ಟು ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ನನ್ನ ಹತ್ತಿರ ಎಕ್ಕ ಇರಲಿಲ್ಲ. ಡೈಮನ್ 10, ಡೈಮನ್ 9. ಇನ್ನೊಂದು ಡೈಮನ್ ಬಂದಿದ್ದರೆ ಫ್ಲಶ್. ಟರ್ನ್‌ನಲ್ಲಿ ಬರಲಿಲ್ಲ. ನೀವು ಚೆಕ್ ಮಾಡಿದಿರಿ. ಎಕ್ಕಕ್ಕೆ ಹೆದರಿದ್ದೀರಿ ಅಂತ ಅನ್ನಿಸಿತು, ಹಾಕಿದೆ. ನೀವು ಬಿಟ್ಟರೆ ಈಗಲೇ ಗೆದ್ದೆ. ಬಿಡದಿದ್ದರೂ ರಿವರ್‌ನಲ್ಲಿ ಒಂಬತ್ತು ಡೈಮನ್ ನನ್ನ ಕಡೆಗಿವೆ. ಸರ್ ಶನಿವಾರ ಹೇಳಿಕೊಟ್ಟಿದ್ದನ್ನೇ ಮಾಡಿದೆ. ಬ್ಲಫ್ (ಒಳ್ಳೆಯ ಎಲೆ ಇಲ್ಲದಿದ್ದರೂ ಇದ್ದ ಹಾಗೆ ಹಾಕೋದು) ಮಾಡುವಾಗ ಬರಿಗೈಯಲ್ಲಿ ಹೋಗಬೇಡಿ, ಒಂದು ದಾರಿ ಇಟ್ಟುಕೊಂಡು ಹೋಗಿ ಅಂದಿದ್ದರು.

ಎರಡು ರಾಜವನ್ನ ಬಿಡಿಸಿದ್ದೇನೆ ಅಂತ ಇವತ್ತೇ ಗೊತ್ತಾಗಿದ್ದು. ನಿಮ್ಮ ಹತ್ತಿರ ಎರಡು ರಾಣಿ ಇರಬಹುದು ಅಂದುಕೊಂಡಿದ್ದೆ.

ಲೆಕ್ಕದ ಟೀಚರ್, ವಿರಾಜಪೇಟೆ

ಅಣ್ಣ, ಹೇಳಿದ್ದಕ್ಕೆ ಥ್ಯಾಂಕ್ಸ್. ನಿಮ್ಮ ಪೋಸ್ಟ್ ಓದಿ ಹತ್ತು ನಿಮಿಷ ಫೋನ್ ಕೆಳಗಿಟ್ಟೆ. ಆಮೇಲೆ ಪೇಪರ್, ಪೆನ್ ತಗೊಂಡು ಕೂತೆ.

ಮೊದಲು ಒಂದು ತಿದ್ದುಪಡಿ. ನಿಮ್ಮ ಕಡೆಗಿದ್ದದ್ದು ಒಂಬತ್ತಲ್ಲ, ಎಂಟು. ಡೈಮನ್ ರಾಜ ಬಂದಿದ್ದರೆ ನನಗೆ ಮೂರು ರಾಜ, ಎರಡು 8, ಫುಲ್ ಹೌಸ್. ನಿಮ್ಮ ಫ್ಲಶ್ ಸೋಲುತ್ತಿತ್ತು. ನಮ್ಮಿಬ್ಬರ ನಾಲ್ಕು ಎಲೆ, ಮಧ್ಯದ ನಾಲ್ಕು ಎಲೆ ತೆಗೆದರೆ 44 ಉಳಿಯುತ್ತವೆ. 44ರಲ್ಲಿ 8. ಅಂದರೆ ನೂರಕ್ಕೆ 18 ಸಲ ನೀವು, 82 ಸಲ ನಾನು.

ಇಷ್ಟು ನೋಡಿದರೆ ನಾನು ಬಿಟ್ಟಿದ್ದು ದೊಡ್ಡ ತಪ್ಪು. ಆದರೆ ನಿಮ್ಮ ಎಲೆ ನನಗೆ ಕಾಣುತ್ತಿರಲಿಲ್ಲ ಅಲ್ವಾ? ನನಗೆ ಗೊತ್ತಿದ್ದಷ್ಟರಿಂದ ಲೆಕ್ಕ ಮಾಡಬೇಕು. ಮಧ್ಯದಲ್ಲಿ 8,200 ಇತ್ತು, ನಾನು 3,000 ಹಾಕಬೇಕಿತ್ತು. ಒಟ್ಟು 11,200. ನೂರಕ್ಕೆ ಸುಮಾರು 27 ಸಲ ಗೆದ್ದರೆ ಸಾಕಿತ್ತು.

ನಿಮ್ಮ ಕೈಯಲ್ಲಿ ಏನೇನು ಇರಬಹುದಿತ್ತು? ಒಂದು ಎಕ್ಕ ಮೇಜಿನ ಮೇಲಿದೆ, ಮೂರು ಉಳಿದಿವೆ. ರಾಣಿ ನಾಲ್ಕೂ ಇವೆ. ಎಕ್ಕ-ರಾಣಿ 12 ರೀತಿ. ಎಕ್ಕ-ಗುಲಾಮ 12. ಎಕ್ಕ-ಹತ್ತು 12. ಒಟ್ಟು 36. ಇನ್ನು ಎರಡು ಡೈಮನ್ ಇರೋ ಕೈಗಳು: ರಾಜ-ರಾಣಿ, ರಾಜ-ಗುಲಾಮ, ರಾಜ-ಹತ್ತು, ರಾಣಿ-ಗುಲಾಮ, ರಾಣಿ-ಹತ್ತು, ಗುಲಾಮ-ಹತ್ತು, 10-9, 7-6, 6-5. ಒಂದೊಂದೂ ಒಂದೇ ರೀತಿ, ಒಟ್ಟು 9. ಹಾಗಾದರೆ 45ರಲ್ಲಿ 9 ಸಲ ನಾನು ಮುಂದೆ. ನೂರಕ್ಕೆ 20. ಬೇಕಿದ್ದದ್ದು 27. ಬಿಟ್ಟಿದ್ದು ಸರಿ.

ಇಷ್ಟು ಬರೆದು ಮುಗಿಸಿದಾಗ ಏನು ಸಮಾಧಾನ ಆಯಿತು ಅಂದರೆ ಹೇಳೋಕೆ ಬರಲ್ಲ. ಅಣ್ಣ, ಒಂದೇ ಒಂದು ಕೇಳುತ್ತೇನೆ. ಎಕ್ಕ-ಹತ್ತು ಇದ್ದರೂ ನೀವು ಹೀಗೇ ಆಡುತ್ತಿದ್ದಿರಾ?

ರೊಬಸ್ಟಾ, ನಾಪೋಕ್ಲು

ಇಲ್ಲ ಟೀಚರ್. ನೀವು ಬೆಳಿಗ್ಗೆಯಿಂದ ನಾಲ್ಕೋ ಐದೋ ಕೈ ಮಾತ್ರ ಆಡಿದ್ದಿರಿ. ನೀವು ಏರಿಸಿದಾಗ ಎಕ್ಕ-ಹತ್ತು ಇಟ್ಟುಕೊಂಡು ನಾನು ಬರುತ್ತಿರಲಿಲ್ಲ.

ಲೆಕ್ಕದ ಟೀಚರ್, ವಿರಾಜಪೇಟೆ

ಹಾಗಾದರೆ 36 ಹೋಗಿ 24 ಆಯಿತು. 33ರಲ್ಲಿ 9. ನೂರಕ್ಕೆ 27! ಸರಿಯಾಗಿ ಗೆರೆಯ ಮೇಲೆ ಬಂದು ನಿಂತಿತು. ಅದರಲ್ಲಿ ನಾನು ಮುಂದಿದ್ದರೂ ರಿವರ್‌ನಲ್ಲಿ ಡೈಮನ್ ಬಿದ್ದು ಸೋಲುವ ಸಲಗಳನ್ನ ಕಳೆಯಬೇಕು. ಹಿಂದೆ ಇದ್ದಾಗ ಇನ್ನೊಂದು ರಾಜ ಬಂದು ಗೆಲ್ಲುವ ಸಲಗಳನ್ನ ಕೂಡಿಸಬೇಕು. ಸುಮಾರು 26ಕ್ಕೆ ಬಂದು ನಿಲ್ಲುತ್ತೆ. ಬಿಟ್ಟರೂ ಸರಿ, ಇಟ್ಟರೂ ದೊಡ್ಡ ತಪ್ಪಲ್ಲ.

ಅಲ್ಲಿ ಕೂತಾಗ ಇಷ್ಟೆಲ್ಲ ಮಾಡೋಕೆ ಆಗಲಿಲ್ಲ. ಎಕ್ಕಗಳನ್ನ ಮಾತ್ರ ಎಣಿಸಿದ್ದೆ, ಡೈಮನ್ ಕಡೆ ಗಮನವೇ ಹೋಗಿರಲಿಲ್ಲ. ಸೋತಿದ್ದಕ್ಕಿಂತ ಜಾಸ್ತಿ ಅದು ನನ್ನನ್ನ ಕಾಡುತ್ತಿದೆ.

ಸೋಮವಾರಪೇಟೆ ಕಡೆಯವಳು

ನೀವೆಲ್ಲ ಲೆಕ್ಕದ ಮಾತು ಆಡುತ್ತಿದ್ದೀರಿ. ನಾನು ಬೇರೆ ಮಾತು ಹೇಳಬೇಕು.

ನಮ್ಮಪ್ಪ ಎಲೆ ಆಡುತ್ತಿದ್ದರು. ಹಬ್ಬದ ರಜೆ ಬಂದರೆ ಮೂರು ರಾತ್ರಿ ಮನೆಗೆ ಬರುತ್ತಿರಲಿಲ್ಲ. ಅಂದರ್ ಬಾಹರ್. ಅದರಲ್ಲಿ ಯಾವ ಲೆಕ್ಕವೂ ಇಲ್ಲ, ಎಲೆ ಒಳಗೆ ಬೀಳುತ್ತೋ ಹೊರಗೆ ಬೀಳುತ್ತೋ ಅಷ್ಟೇ. ಕೆಳಗಿನ ಎರಡು ಎಕರೆ ಅರೇಬಿಕಾ ಹಾಗೇ ಹೋಯಿತು. ನನಗೆ ಆಗ ಹನ್ನೊಂದು ವರ್ಷ. ಈಗಲೂ ಆ ತೋಟದ ಬೇಲಿ ಪಕ್ಕದಲ್ಲೇ ನಡೆದು ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ. ಮೆಣಸಿನ ಬಳ್ಳಿ ಅಮ್ಮ ನೆಟ್ಟಿದ್ದು, ಇನ್ನೂ ಇದೆ.

ಅವರೂ ಮೊದಲು ದುಡ್ಡಿಲ್ಲದೆ ಸುಮ್ನೆ ಆಡಿದ್ದೇ. ಟೀಚರ್, ನೀವು ಒಳ್ಳೆಯವರು, ನಿಮ್ಮ ಲೆಕ್ಕವೂ ಸರಿ ಇರಬಹುದು. ಆದರೆ ಅಲ್ಲಿಗೆ ಬಂದ 27 ಜನರಲ್ಲಿ ನಾಳೆ ದುಡ್ಡಿಟ್ಟು ಆಡೋಕೆ ಹೋಗುವವರು ಯಾರೂ ಇಲ್ಲ ಅಂತ ಹೇಳೋಕೆ ಆಗುತ್ತಾ?

ಲೆಕ್ಕದ ಟೀಚರ್, ವಿರಾಜಪೇಟೆ

ಇಲ್ಲ ಅಕ್ಕ, ಹೇಳೋಕೆ ಆಗಲ್ಲ.

ನಿಮ್ಮ ಮಾತು ಓದಿ ಮನಸ್ಸು ಭಾರವಾಯಿತು. ಹೋಗುವ ಮುಂಚೆ ನನಗೂ ಇದೇ ಭಯ ಇತ್ತು. ನಮ್ಮ ಯಜಮಾನರು ಎರಡು ದಿನ ಮಾತು ಬಿಟ್ಟಿದ್ದರು. ಸರ್ ಕೂಡ ಶನಿವಾರ ರಾತ್ರಿ ಇದನ್ನ ಮುಚ್ಚಿಡದೆ ಹೇಳಿದರು. ಚೆನ್ನಾಗಿ ಆಡಿದವರೂ ತಿಂಗಳುಗಟ್ಟಲೆ ಸೋಲಬಹುದು, ಈ ಆಟ ನಂಬಿಕೊಂಡು ಕೆಲಸ ಬಿಡಬೇಡಿ ಅಂದರು. ಎರಡು ಎಕ್ಕ ಇದ್ದವರೂ ಎರಡು ರಾಜದ ಎದುರು ನೂರಕ್ಕೆ 18 ಸಲ ಸೋಲುತ್ತಾರೆ, ನೆನಪಿಡಿ ಅಂದರು.

ಶಾಲೆಯಲ್ಲಿ ನಾನು ಈ ಆಟ ಕಲಿಸಲ್ಲ. ಮಕ್ಕಳಿಗೆ ಜೋಡಿ ಎಣಿಸೋದು ಕಲಿಸುತ್ತೇನೆ, ಅದಕ್ಕೆ ಹುಣಸೆ ಬೀಜ ಸಾಕು. ದುಡ್ಡಿನ ಮೇಜಿಗೆ ನಾನು ಕೂರೋದಿಲ್ಲ. ನನ್ನ ಮಟ್ಟಿಗೆ ಇಷ್ಟು ಮಾತು ಕೊಡಬಲ್ಲೆ, ಉಳಿದವರ ಪರವಾಗಿ ಕೊಡಲಾರೆ.

ಕೋರ್ಟ್ ರಸ್ತೆ, ಮಡಿಕೇರಿ

ಕಾನೂನು ಏನು ಹೇಳುತ್ತೆ ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದ್ದಾರೆ. ಇಲ್ಲೇ ಬರೆಯುತ್ತೇನೆ.

ನಮ್ಮಲ್ಲಿ ಜೂಜಿನ ಕಲಮುಗಳು ಇರೋದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ. ಅದರ 176ನೇ ಕಲಮು ಬರೀ ಕೌಶಲದ ಆಟಗಳಿಗೆ ವಿನಾಯಿತಿ ಕೊಡುತ್ತೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಪೋಕರ್ ವಿಷಯದಲ್ಲಿ ಕೋರ್ಟುಗಳು ಒಂದೇ ಮಾತು ಹೇಳಿಲ್ಲ. 2013ರಲ್ಲಿ ನಮ್ಮ ಹೈಕೋರ್ಟ್ ಮುಂದೆ ಬಂದಾಗ ಅದನ್ನ ಕೌಶಲದ ಆಟದ ಸಾಲಿಗೆ ಸೇರಿಸಿದರು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದು ಜೂಜೇ ಅಂದಿತು. ಇನ್ನು ಫೋನಿನಲ್ಲಿ ದುಡ್ಡಿಟ್ಟು ಆಡುವ ಆಟಗಳ ವಿರುದ್ಧ 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆಯೇ ಬಂತು. ಅದರಲ್ಲಿ ಕೌಶಲವೋ ಅದೃಷ್ಟವೋ ಅನ್ನೋ ವಿಂಗಡಣೆಯೇ ಇಲ್ಲ. ಹಾರಂಗಿ ಹುಡುಗ, ಇದು ನಿಮಗೆ.

ದುಡ್ಡು ಪಣಕ್ಕಿಡದೆ ಶೀಲ್ಡಿಗೆ ಆಡಿದ್ದಕ್ಕೂ ದುಡ್ಡಿಟ್ಟು ಆಡೋದಕ್ಕೂ ತುಂಬಾ ವ್ಯತ್ಯಾಸ ಇದೆ. ನಡೆಸುವವರು ಆ ಗೆರೆ ದಾಟದಿರಲಿ.

ಕೆಎ 12

ಬ್ಲಫ್ ಅಂದರೆ ಸುಳ್ಳು ಅಲ್ವಾ ಅಂತ ನಮ್ಮ ಮನೆಯಲ್ಲಿ ಕೇಳಿದರು. ನನಗೆ ಹಾಗನ್ನಿಸಲ್ಲ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ನಾಲ್ಕು ಜನ ನುರಿತ ಆಟಗಾರರ ಎದುರು 1,20,000 ಕೈ ಆಡಿ ಗೆದ್ದಿತು. ಅದಕ್ಕೆ ಮುಖವೂ ಇಲ್ಲ, ಆಸೆಯೂ ಇಲ್ಲ. ಆದರೂ ಬ್ಲಫ್ ಮಾಡಿತು, ಲೆಕ್ಕ ಹಾಗೆ ಹೇಳುತ್ತೆ ಅಂತ. ಒಳ್ಳೆಯ ಎಲೆ ಇದ್ದಾಗ ಮಾತ್ರ ಹಾಕುವವರನ್ನ ಎಲ್ಲರೂ ಓದಿಬಿಡುತ್ತಾರೆ.

ಹೆಂಗಸರು ಆರೇ ಜನ ಅಂದಿರಿ ಟೀಚರ್. ಮುಂದಿನ ಸಲ ಜಾಸ್ತಿ ಬರಲಿ. 2018ರಲ್ಲಿ ನಮ್ಮ ದೇಶದ ನಿಕಿತಾ ಲೂಥರ್ ಲಾಸ್ ವೇಗಾಸ್‌ನ ಪೋಕರ್ ವರ್ಲ್ಡ್ ಸೀರೀಸ್‌ನಲ್ಲಿ ಜೋಡಿ ಆಟ ಗೆದ್ದು ಅಲ್ಲಿ ಗೆದ್ದವರಿಗೆ ಕೊಡುವ ಬ್ರೇಸ್ಲೆಟ್ ತಂದರು. ನಮ್ಮ ಟೂರ್ನಮೆಂಟ್ ಗೆದ್ದಿದ್ದೂ ಗೋಣಿಕೊಪ್ಪದ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ ಅಲ್ವಾ? ಕೊನೆಯ ಮೇಜಿನ ಕಥೆ ಯಾರಾದರೂ ಬರೆಯಿರಿ. ನಾನು 14ನೆಯವನಾಗಿ ಹೊರಟು ಊಟಕ್ಕೆ ಹೋಗಿದ್ದೆ.

ಲೆಕ್ಕದ ಟೀಚರ್, ವಿರಾಜಪೇಟೆ

ಬರೆಯುತ್ತೇನೆ. ಅದನ್ನ ಮರೆಯೋಕೆ ಆಗಲ್ಲ.

ಒಂಬತ್ತು ಜನ ಉಳಿದಿದ್ದೆವು. ನಾಲ್ಕು ಗಂಟೆ ಹೊತ್ತಿಗೆ ತಡಿಯಂಡಮೋಳ್ ಬೆಟ್ಟದ ಕಡೆ ಕಪ್ಪಾಯಿತು. ಎಲೆ ಹಂಚುತ್ತಿದ್ದಾಗ ಶೀಟಿನ ಮೇಲೆ ಟಪ್ ಅಂತ ಒಂದು ಹನಿ. ಆಮೇಲೆ ಎರಡು. ಆಮೇಲೆ ಒಂದೇ ಸಮನೆ. ಮೇಜಿನಲ್ಲಿದ್ದ ಐದು ಜನ ತೋಟದವರು ಎಲೆ ನೋಡದೆ ಎದ್ದುಬಿಟ್ಟರು. ಸರ್‌ಗೆ ಗಾಬರಿ, ಏನಾಯಿತು ಅಂತ. ಹೂಮಳೆ ಸರ್, ಕಾಫಿ ಹೂ ಅರಳಿಸುವ ಮಳೆ ಅಂದೆ. ಅವರು ಗಡಿಯಾರ ನಿಲ್ಲಿಸಿದರು.

ಜಗಲಿ ತುದಿಯಲ್ಲಿ ನಿಂತು ಎಲ್ಲರೂ ಫೋನು. "ನಿಮ್ಮಲ್ಲಿ ಬಂತಾ? ಎಷ್ಟು ಸೆಂಟು?" ಒಬ್ಬರ ತೋಟದಲ್ಲಿ 60 ಸೆಂಟ್ ಮಳೆ, ಎರಡು ಮೈಲಿ ಆಚೆ ಇನ್ನೊಬ್ಬರಲ್ಲಿ ಒಂದು ಹನಿ ಇಲ್ಲ. ಮಣ್ಣಿನ ವಾಸನೆ ಮೇಜಿನವರೆಗೂ ಬಂದಿತ್ತು. ಮುಕ್ಕಾಲು ಗಂಟೆ ಆಟ ನಿಂತಿತು. ಯಾರಿಗೂ ಬೇಜಾರಿಲ್ಲ.

ವಾಪಸ್ ಕೂತ ಮೇಲೆ ಬ್ಲೈಂಡ್ 1,000-2,000. ನನ್ನ ಹತ್ತಿರ 16,000, ಅಂದರೆ ಎಂಟು ಬಿಗ್ ಬ್ಲೈಂಡ್. ಆರು ಜನ ಉಳಿದಾಗ ಎಕ್ಕ-ಗುಲಾಮ ಬಂತು, ಎಲ್ಲ ಹಾಕಿದೆ. ಬ್ಯಾಂಕಿನ ಹುಡುಗಿ ಎರಡು 9 ತೋರಿಸಿದಳು. ನನಗೆ ಏನೂ ಬರಲಿಲ್ಲ. ಹತ್ತಕ್ಕೆ ನಾಲ್ಕೂವರೆ ಸಲ ಗೆಲ್ಲುವ ಕೈ, ಈ ಸಲ ಗೆಲ್ಲಲಿಲ್ಲ. ಆರನೇ ಸ್ಥಾನ. ಆ ಹುಡುಗಿ ಎದ್ದು ಬಂದು ಕೈ ಹಿಡಿದುಕೊಂಡಳು.

ರೊಬಸ್ಟಾ, ನಾಪೋಕ್ಲು

ನಾನು ನಾಲ್ಕನೆಯವನು. ನಿಜ ಹೇಳಬೇಕಂದರೆ ಮಳೆ ಬಂದ ಮೇಲೆ ಮನಸ್ಸು ಆಟದಲ್ಲಿ ಇರಲಿಲ್ಲ.

ಹೊರಗಿನವರಿಗೆ ಇದು ಗೊತ್ತಾಗಲ್ಲ, ಅದಕ್ಕೆ ಹೇಳುತ್ತೇನೆ. 100 ಸೆಂಟ್ ಅಂದರೆ ಒಂದು ಇಂಚು. ಮಾರ್ಚಿನಲ್ಲಿ ಒಂದು ಇಂಚು ಬಂದರೆ ರೊಬಸ್ಟಾ ಚೆನ್ನಾಗಿ ಅರಳುತ್ತೆ. ತೀರಾ ಕಡಿಮೆ ಬಂದರೆ ಮೊಗ್ಗು ಅರ್ಧಕ್ಕೇ ನಿಂತು ಒಣಗುತ್ತೆ. ಕೆರೆಯಲ್ಲಿ ನೀರಿದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ. ಈಗಲೇ ಹಾಕಬೇಕಾ, ಇನ್ನೂ ನಾಲ್ಕು ದಿನ ಮಳೆಗೆ ಕಾಯಬೇಕಾ? ಹಾಕಿದರೆ ಡೀಸೆಲ್ ಖರ್ಚು, ಕೆರೆ ಖಾಲಿ. ಆಮೇಲಿನ ನೀರಿಗೆ ಏನು ಮಾಡೋದು? ಈ ವರ್ಷ ನಾನು ಅರ್ಧ ತೋಟಕ್ಕೆ ಹಾಕಿ, ಅರ್ಧ ಬಿಟ್ಟಿದ್ದೆ. ಟೀಚರ್ ಮೇಜಿನಲ್ಲಿ ಮಾಡಿದ ಲೆಕ್ಕವನ್ನ ನಾವು ಪ್ರತಿ ವರ್ಷ ಮಾಡುತ್ತೇವೆ. ನಮ್ಮ ಅಪ್ಪ ಇಂಥ ವರ್ಷ ಇಂಥ ದಿನ ಇಷ್ಟು ಸೆಂಟು ಅಂತ ಡೈರಿಯಲ್ಲಿ ಬರೆದಿಡುತ್ತಿದ್ದರು. ಆ ಡೈರಿ ತೆಗೆದು ಮೊನ್ನೆಯಿಂದ ಎಣಿಸುತ್ತಾ ಕೂತಿದ್ದೇನೆ, ಎಷ್ಟು ವರ್ಷ ಮಾರ್ಚ್ 15ರ ಒಳಗೆ ಬಂತು, ಎಷ್ಟು ವರ್ಷ ಬರಲಿಲ್ಲ ಅಂತ. ಇಷ್ಟು ವರ್ಷ ಅದನ್ನ ತಿರುಗಿಸಿ ನೋಡಿರಲಿಲ್ಲ.

ಸೋಮವಾರಪೇಟೆ ಅಕ್ಕ, ನಿಮ್ಮ ಮಾತು ನನಗೂ ತಾಗಿತು. ನಮ್ಮ ಊರಲ್ಲೂ ಅಂಥ ತೋಟಗಳಿವೆ.

ಸೋಮವಾರಪೇಟೆ ಕಡೆಯವಳು

ನನ್ನ ಮಗನನ್ನ ಮಾತ್ರ ನಾನು ಕಳಿಸಲ್ಲ ಅಣ್ಣ. ಟೀಚರ್ ಉತ್ತರ ಓದಿದೆ, ಸುತ್ತಿ ಬಳಸದೆ ಹೇಳಿದರು, ಅಷ್ಟು ಸಾಕು. ನಿಮ್ಮ ಕಡೆ ಮಳೆ ಎಷ್ಟಾಯಿತು?

ರೊಬಸ್ಟಾ, ನಾಪೋಕ್ಲು

ಭಾನುವಾರ 45 ಸೆಂಟ್, ಸೋಮವಾರ ರಾತ್ರಿ ಇನ್ನೊಂದು 50. ನೀರು ಹಾಕದೆ ಬಿಟ್ಟಿದ್ದ ಅರ್ಧಕ್ಕೂ ಸಾಕಾಯಿತು. ಇವತ್ತು ಬೆಳಿಗ್ಗೆ ನೋಡಿದೆ, ಮೊಗ್ಗು ಬೆಳ್ಳಗಾಗುತ್ತಿದೆ. ಇನ್ನು ಮೂರು ನಾಲ್ಕು ದಿನ.

ಟೀಚರ್, ಡೈರಿಯಲ್ಲಿ 31 ವರ್ಷದ ಲೆಕ್ಕ ಇದೆ. ಫೋಟೋ ತೆಗೆದು ಕಳಿಸಲಾ?

ಲೆಕ್ಕದ ಟೀಚರ್, ವಿರಾಜಪೇಟೆ

ಕಳಿಸಿ ಅಣ್ಣ. ತಾರೀಖು, ಸೆಂಟು ಎರಡೂ ಕಾಣುವ ಹಾಗೆ ತೆಗೆಯಿರಿ.